ಹಿಂದಿನಿಂದ ಬಂದ ಎರಡು ಬಡಿತ

ಇದನ್ನು ಹೇಳಬೇಕೆಂದು ಕೂತು ಎಷ್ಟೋ ಸಲ ಬೇರೆ ಮಾತಿಗೆ ಹೊರಳಿದ್ದೇನೆ. ಈಗ ವಯಸ್ಸಾಯಿತು, ಹೊರಳಲು ಜಾಗವಿಲ್ಲ.

ಮೇಸ್ತ್ರಿಯ ಬಲ ಅಂಗೈ ಎಡದ್ದಕ್ಕಿಂತ ಅಗಲವಾಗಿತ್ತು. ತ್ರಾಸಿಯ ಹೆದ್ದಾರಿ ಪಕ್ಕ ಅವರ ಗ್ಯಾರೇಜು. ಯಾವ ಗಾಡಿ ಬಂದರೂ ಮೊದಲು ಆ ಅಂಗೈಯಿಂದ ಹಿಂಭಾಗ ಒತ್ತಿ ಬಿಟ್ಟು, ಅದು ಎಷ್ಟು ಕುಣಿಯುತ್ತದೆಂದು ತಲೆ ಓರೆ ಮಾಡಿ ನೋಡುವರು.

ಕೊಂಕಣ ರೈಲು ಹೊಸದಾಗಿ ಓಡತೊಡಗಿದ್ದ ಕಾಲ. ನನ್ನದು ಗುಡ್ಡ ಹತ್ತುವ ಹಳೆಯ ಜೀಪ್ ಪಿಕಪ್. ಶಂಕರನಾರಾಯಣದ ಕಡೆಯ ಕೋರೆಗಳಿಂದ ಕೆಂಪುಕಲ್ಲು ಹೇರಿ ಹೇರಿ ಅದರ ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತಿದ್ದವು. ಮೇಸ್ತ್ರಿ ಒತ್ತಿ ಬಿಟ್ಟರು. ಗಾಡಿ ಕುಣಿದೇ ಕುಣಿಯಿತು.

"ಇದ್ ಗಾಡಿಯಾ, ತೊಟ್ಲಾ ಮಾರಾಯ್ರೆ?"

ಎಣ್ಣೆ ಸೋರಿದ್ದು ಎಡದ್ದು ಮಾತ್ರ, ಅದೊಂದನ್ನೇ ಹಾಕಿ ಎಂದೆ.

"ಒಂದ್ ಕಾಲಿಗೆ ಚಪ್ಪಲಿ ಹಾಯ್ಕಂಡ್ ಕುಂದಾಪುರ ಪೇಟಿಗ್ ಹೋತ್ರ್ಯಾ?" ಎಂದು ನಗಿಸಿ ಎರಡೂ ಹೊಸತು ಹಾಕಿದರು. ನಟ್ಟು ಬಿಗಿದ ಮೇಲೆ ಬೆರಳಲ್ಲಿ ಗ್ರೀಸ್ ತೆಗೆದು ಅದರ ಮೇಲೆ ದಪ್ಪಕ್ಕೆ ಮೆತ್ತಿದರು. "ಕಡ್ಲ್ ಗಾಳಿ ಕಬ್ಣ ತಿಂತ್."

ಆಮೇಲೆ ಅವರದೊಂದು ಕ್ರಮ. ಗಾಡಿಯವರೇ ಓಡಿಸಬೇಕು, ಮೇಸ್ತ್ರಿ ಹಿಂದಿನ ತೆರೆದ ತೊಟ್ಟಿಯಲ್ಲಿ ನಿಂತು ಬರುವರು.

"ಮುಂದ್ ಕೂತವ್ರಿಗೆ ಎಂತ ಗೊತ್ತಾತ್ತ್? ಗಾಡಿ ಸುದ್ದಿ ಎಲ್ಲ ಹಿಂದೆ ಇಪ್ಪುದ್. ಒಂದ್ ಬಡ್ದ್ರೆ ನಿಧಾನ, ಎರಡ್ ಬಡ್ದ್ರೆ ನಿಲ್ಸ್ಕ್."

ಗ್ಯಾರೇಜಿನ ಹಿಂದಿನ ಹೊಂಡದ ದಾರಿಗೆ ಹೊರಳಿಸಿದೆ. ಗಾಡಿ ಹೊಸ ಮದುಮಗನ ಹಾಗೆ ನೆಟ್ಟಗೆ ನಡೆಯಿತು. ನನಗೆ ಉಮೇದು ಬಂತು. ಒಂದು ಬಡಿತ ಕೇಳಿತು, ನಿಧಾನಿಸಲಿಲ್ಲ. ಎರಡು ಬಡಿತ ಕೇಳಿತು. ಸ್ಪಷ್ಟವಾಗಿಯೇ ಕೇಳಿತು. ಇನ್ನೊಂದು ಹೊಂಡ ದಾಟಿ ನಿಲ್ಲಿಸುವ ಎಂದುಕೊಂಡೆ. ದಾಟಿದೆ. ಕನ್ನಡಿಯಲ್ಲಿ ನೋಡಿದರೆ ತೊಟ್ಟಿ ಖಾಲಿ.

ತಲೆ ಕಲ್ಲಿಗೆ ಬಡಿದಿತ್ತು. ಜನ ಸೇರಿ "ಎಂತ ಆಯ್ತ್, ಎಂತ ಆಯ್ತ್" ಎಂದಾಗ ಹೆದರಿದ ನನ್ನ ಬಾಯಿಂದ ಬಂದದ್ದು, "ಶಾಕಿನ ನಟ್ಟ್ ಸಡ್ಲ ಇದ್ದಿತ್. ಗಾಡಿ ಒಂದ್ ಬದಿಗ್ ಎಳ್ದ್ ಹೋಯ್ತ್."

ಸಂಜೆ ಮನೆಗೆ ಬಂದು ಗಾಡಿಯಡಿ ತೂರಿ ಸ್ಪ್ಯಾನರ್ ಹಾಕಿದೆ. ಎರಡೂ ಬದಿಯ ನಟ್ಟು ಅಲುಗಲಿಲ್ಲ. ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಮೇಸ್ತ್ರಿ ಬದುಕಿದರು. ಆ ದಿನ ಮಾತ್ರ ಅವರ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡರು.

"ಹ್ವಾಯ್, ನೀವ್ ಇದ್ರಿಯಲೆ. ನಟ್ಟ್ ನಾ ಬಿಗಿಲಿಲ್ಯಾ?"

ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು, "ಬಿಗಿಯುಕ್ ಮರ್ತಿರ್ಕ್, ಮೇಸ್ತ್ರಿ" ಎಂದೆ.

ಅವರು ತಮ್ಮ ಅಂಗೈಯನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿಕೊಂಡರು. ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲ. ಗಿರಾಕಿಗಳು ಮನೆಗೇ ಬಂದು ಕರೆದರೂ, "ಬ್ಯಾಡ, ನನ್ ಕೈ ನಂಬುಕಾತಿಲ್ಲೆ" ಎನ್ನುತ್ತಿದ್ದರಂತೆ. ಹಾಗೆ ಹೇಳುತ್ತಲೇ ಕೆಲವು ಮಳೆಗಾಲ ಕಳೆದು ತೀರಿಕೊಂಡರು. ಸಾವಿಗೆ ಹೋದೆ. ಹಿಂದಿನ ಸಾಲಿನಲ್ಲಿ ನಿಂತು ಬಂದೆ.

ನನಗೂ ಆ ಗಾಡಿ ಓಡಿಸಲಾಗಲಿಲ್ಲ. ಸ್ಟಾರ್ಟ್ ಮಾಡಿದರೆ ಬೆನ್ನ ಹಿಂದೆ ಬಡಿತ. ಗೇರುಮರದ ಅಡಿಗೆ ನಿಲ್ಲಿಸಿದ್ದು ಅಲ್ಲೇ ಉಳಿಯಿತು. ಈಗಲೂ ಬಸ್ಸಿನಲ್ಲಿ ಕಂಡಕ್ಟರ್ ತಗಡು ಬಡಿದರೆ ನನ್ನ ಕಾಲು ಬ್ರೇಕು ಹುಡುಕುತ್ತದೆ.

ಬಹಳ ವರ್ಷಗಳ ಮೇಲೆ ಗುಜರಿಯವನು ಬಂದು ಗಾಡಿ ಬಿಚ್ಚಿದ. ಬೇರೆಲ್ಲ ನಟ್ಟು ತುಕ್ಕು ಹಿಡಿದು ಪುಡಿಯಾಗಿದ್ದವು. ಹಿಂದಿನ ಶಾಕಿನ ಹತ್ತಿರ ಅವನು ಒಣಗಿದ ಗ್ರೀಸ್ ಕೆರೆದ, ಕಬ್ಬಿಣ ಫಳ್ಳನೆ ಹೊಳೆಯಿತು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಇಡೀ ಮೈಭಾರ ಹಾಕಿ ಜಗ್ಗಿದ.

"ಯಾರ್ ಬಿಗ್ದದ್ ಹ್ವಾಯ್ ಇದ್? ಇನ್ ನೂರ್ ವರ್ಷಕ್ಕೂ ಸಡ್ಲ ಆಪ್ದಲ್ಲ."

ಈ ಒಂದು ಮಾತಿಗಾಗಿ ಕಾದು ಕಾದು ಸತ್ತವರೊಬ್ಬರು ಇದ್ದರು. ಅದನ್ನು ಹೇಳಬೇಕಾಗಿದ್ದವನು ಗುಜರಿಯವನಲ್ಲ. ನಾನು ಕ್ಷಮೆ ಕೇಳದೇ ಉಳಿದದ್ದು ಅವರೊಬ್ಬರ ಹತ್ತಿರ. ಆದರೂ ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟೆ.

"ತ್ರಾಸಿ ಮೇಸ್ತ್ರಿ."