ರುಕ್ಮಿಣಿಯನ್ನು ಧಾರೆಯೆರೆಯುವ ದಿನ

2001ರ ಡಿಸೆಂಬರಿನಲ್ಲಿ ಅಜೆಕಾರಿನ ಒಂದು ಮನೆಯಂಗಳದಲ್ಲಿ ಭಾಗವತ ಸಪ್ತಾಹ ನಡೆಯುತ್ತಿತ್ತು. ಕಥೆಯಲ್ಲಿ ರುಕ್ಮಿಣಿಯ ಮದುವೆ ಬರುವ ದಿನ, ಪಾರಾಯಣಕ್ಕೆ ಕೂತಿದ್ದ ಭಟ್ಟರ ಮಗನ ಬಲಗಣ್ಣು ಹೋಯಿತು.

ಮೊನ್ನೆ ಕಾಪುವಿನಲ್ಲಿ ಒಂದು ಮದುವೆ ಮಂಟಪದ ಬಳಿ ಅಡಿಕೆಯ ಹಿಂಗಾರದ ವಾಸನೆ ಬಂತು. ಆ ಭಟ್ಟರು ನೆನಪಾದರು. ನಮ್ಮ ನೆರೆಮನೆಯವರು. ಸಂಕಲ್ಪ ಮಾಡಿ ಕೂತವರು ಅಧ್ಯಾಯದ ನಡುವೆ ಏಳಬಾರದು ಎಂಬ ನಿಯಮವನ್ನು ಜ್ವರದಲ್ಲೂ ಮುರಿದವರಲ್ಲ...

ಸಪ್ತಾಹ ಮಾಡಿಸಿದವರು ಅಣ್ಣ ತಮ್ಮ. ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟಿದ್ದವರು ಇದಕ್ಕಾಗಿ ಒಂದಾಗಿದ್ದರು. ರುಕ್ಮಿಣಿಯ ವಿಗ್ರಹವನ್ನು ಕೃಷ್ಣನಿಗೆ ಧಾರೆಯೆರೆದು ಕೊಡಲು ಮನೆಯ ದಂಪತಿ ಹೆಣ್ಣಿನ ಕಡೆಯವರಾಗಿ ಕೂರುವುದು ಪದ್ಧತಿ. ಯಾವ ದಂಪತಿ ಎಂದು ಮೊದಲೇ ಮಾತಾಗಿರಲಿಲ್ಲ. ಇಬ್ಬರೂ ಸೀರೆ, ಬಳೆ ಇಟ್ಟ ಹರಿವಾಣ ಹಿಡಿದು ಬಂದರು.

“ನಿನಗೆ ಮಗಳೇ ಇಲ್ಲ ಮಾರಾಯ, ನೀನು ಎಂತ ಧಾರೆ ಎರೆಯುವುದು?” ಎಂದ ತಮ್ಮ.

“ಅದಕ್ಕೇ ನಾನು ಕೂರುವುದು. ನಿನಗೆ ಮೂವರು ಇದ್ದಾರಲ್ಲ, ಮೊದಲು ಅವರಿಗೆ ಗಂಡು ಹುಡುಕು,” ಎಂದ ಅಣ್ಣ.

ಯಾರೋ ನಕ್ಕರು. ತಮ್ಮ ಹಿತ್ತಾಳೆಯ ಕಾಲುದೀಪ ಎತ್ತಿ ಬೀಸಿದ. ವಿಗ್ರಹಗಳಿಗೆ ಹಿಂಗಾರದ ಮಾಲೆ ಹಾಕುತ್ತಿದ್ದ ಭಟ್ಟರ ಮಗ ತಡೆಯಲು ನಡುವೆ ಬಂದ. ದೀಪದ ತುದಿ ಅವನ ಕಣ್ಣಿಗೆ ಹೊಕ್ಕಿತು. ಬಿಸಿ ಎಣ್ಣೆ ಮುಖದ ಮೇಲೆ ಚೆಲ್ಲಿತು. ಆಮೇಲೆ ಎರಡೂ ಮನೆಯವರು ಕುರ್ಚಿ, ತೆಂಗಿನಕಾಯಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಿದರು. ಅಣ್ಣನ ತಲೆ ಒಡೆಯಿತು.

ಭಟ್ಟರ ಹೆಂಡತಿ ವ್ಯಾಸಪೀಠದ ಬಳಿ ಹೋಗಿ, “ಏಳಿ. ಮಗ ಬಿದ್ದಿದ್ದಾನೆ,” ಎಂದರು.

ಭಟ್ಟರು ತಲೆಯೆತ್ತಿ ನೋಡಿದರು. ಮತ್ತೆ ಪುಸ್ತಕಕ್ಕೆ ಬಗ್ಗಿದರು. ಓದು ನಿಲ್ಲಲಿಲ್ಲ... ತಾಯಿಯೂ ನಾನೂ ಮಗನನ್ನು ಜೀಪಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಹೊರಡಿಸಿದಾಗಲೂ ಅಧ್ಯಾಯ ಮುಗಿದಿರಲಿಲ್ಲ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ, “ಅಪ್ಪ ಬಂದ್ರಾ?” ಎಂದು ಕೇಳಿದ. ತಾಯಿ ಡ್ರೈವರನಿಗೆ ಬೇಗ ಹೋಗಲು ಹೇಳಿದರು.

ಮರುದಿನ ಭಟ್ಟರು ಸಪ್ತಾಹ ಮುಗಿಸಿಯೇ ಆಸ್ಪತ್ರೆಗೆ ಬಂದರು. ಮಗ ಗೋಡೆಯ ಕಡೆ ತಿರುಗಿ ಮಲಗಿದ.

ಪೊಲೀಸರಿಗೆ ಅವರು, “ಹೊಡೆದದ್ದು ನಾನು ನೋಡಲಿಲ್ಲ. ನನ್ನ ಕಣ್ಣು ಪುಸ್ತಕದಲ್ಲಿತ್ತು,” ಎಂದರು. ನಾನಿದ್ದ ಕಡೆಗೆ ತಮ್ಮನ ಬೆನ್ನು ಮಾತ್ರ ಕಂಡಿತ್ತು, ಹಾಗೆಂದೇ ಬರೆಸಿದೆ. ಎರಡೂ ಮನೆಯವರು ಒಟ್ಟಾಗಿ, ದೀಪ ತಾನಾಗಿ ಉರುಳಿತು ಎಂದರು. ಮಗನ ಮಾತಿಗೆ ಸಾಕ್ಷಿ ಸಿಗದೆ ಮೊಕದ್ದಮೆ ಬಿದ್ದುಹೋಯಿತು.

ಆಮೇಲೂ ಭಟ್ಟರನ್ನು ಸಪ್ತಾಹಗಳಿಗೆ ಕರೆಯುತ್ತಿದ್ದರು. ನಡುವೆ ಏಳದವರು ಎಂದು ಹೆಸರಾಗಿತ್ತು. ಅವರು ಎಲ್ಲಿಗೂ ಹೋಗಲಿಲ್ಲ.

2008ರಲ್ಲಿ ಭಟ್ಟರು ತೀರಿಕೊಂಡರು. ನಿಟ್ಟೆಯ ಹಾಸ್ಟೆಲೊಂದರಲ್ಲಿ ಅಡುಗೆಗಿದ್ದ ಮಗನಿಗೆ ನಾನೇ ಫೋನು ಮಾಡಿದೆ. ಸಂಜೆಯವರೆಗೆ ಕಾದೆವು. ಚಿತೆಗೆ ಬೆಂಕಿ ಕೊಟ್ಟವನು ಭಟ್ಟರ ತಮ್ಮನ ಮಗ. ತಾಯಿ ಈಗ ನಿಟ್ಟೆಯಲ್ಲಿ ಮಗನ ಜೊತೆ ಇದ್ದಾರೆ.