ವಾಷಿಂಗ್ ಮೆಷಿನ್ ಹಿಂದಿನ ವೈನು

ಕುವೈತಿನ ಸಾಲ್ಮಿಯಾದಲ್ಲಿ, ನಾಲ್ಕನೇ ಮಹಡಿಯ ಒಂದು ಫ್ಲ್ಯಾಟಿನಲ್ಲಿ, ಮೇಬಲ್ ಎಂಬ ಹೆಂಗಸು ಇಪ್ಪತ್ತೆಂಟು ವರ್ಷಗಳಿಂದ ಕಾನೂನು ಮುರಿಯುತ್ತಿದ್ದಳು. ಹಗಲು ಅವಳು ಒಂದು ಕ್ಲಿನಿಕ್ಕಿನಲ್ಲಿ ಊರವರ ರಕ್ತ, ಮೂತ್ರ ಪರೀಕ್ಷಿಸುವ ಸಭ್ಯ ಲ್ಯಾಬ್ ಟೆಕ್ನೀಶಿಯನ್. ಅಲ್ಲಿ ರಜೆಯ ದಿನವಾದ ಶುಕ್ರವಾರ ಚರ್ಚಿನ ಪೂಜೆ ತಪ್ಪಿಸಿದವಳಲ್ಲ. ಆದರೆ ನವೆಂಬರ್ ಬಂತೆಂದರೆ ವಾಷಿಂಗ್ ಮೆಷಿನ್ ಹಿಂದೆ ಒಂದು ದೊಡ್ಡ ಭರಣಿ ಇಟ್ಟು, ಕಪ್ಪು ದ್ರಾಕ್ಷಿ, ಸಕ್ಕರೆ, ಬ್ರೆಡ್ಡಿನ ಯೀಸ್ಟು, ಒಂದು ಹಿಡಿ ಗೋಧಿ ಸುರಿದು, ಮೇಲೊಂದು ಕಂಬಳಿ ಹೊದಿಸಿ ಕ್ರಿಸ್‌ಮಸ್ಸಿಗೆ ವೈನು ಮಾಡುತ್ತಿದ್ದಳು. ಮದ್ಯ ನಿಷೇಧವಿರುವ ಆ ದೇಶದಲ್ಲಿ ಸಿಕ್ಕಿಬಿದ್ದರೆ ಜೈಲು, ಜೈಲಿನಿಂದ ಸೀದಾ ಏರ್‌ಪೋರ್ಟು, ಇಕಾಮಾ ಎಂಬ ವಾಸದ ಪರವಾನಗಿ ಖಲಾಸ್.

ಗಂಡ ಬರ್ನಾರ್ಡ್ ಒಂದೇ ಅಂಗಡಿಯಲ್ಲಿ ಹತ್ತು ಕಿಲೋ ದ್ರಾಕ್ಷಿ ಕೊಂಡರೆ ಅನುಮಾನ ಬರುತ್ತದೆಂದು ಐದು ಅಂಗಡಿಗಳಲ್ಲಿ ಎರಡೆರಡು ಕಿಲೋ ಕೊಳ್ಳುತ್ತಿದ್ದ. ಫೋನಿನಲ್ಲಿ ವೈನಿನ ಹೆಸರು ‘ಕಷಾಯ’. ವಾಚ್‌ಮನ್ ಮೂಗು ಅರಳಿಸಿದರೆ ಡ್ರೈನೇಜ್ ಬ್ಲಾಕ್ ಆಗಿದೆ ಎನ್ನುವುದು. ಆ ಬಡಪಾಯಿ ಎಷ್ಟೋ ಸಲ ಪ್ಲಂಬರನನ್ನೇ ಕರೆತಂದಿದ್ದ.

ಕ್ರಿಸ್‌ಮಸ್ ಸಂಜೆ ಮಂಗಳೂರು ಕಡೆಯ ಮೂವತ್ತು ಮಂದಿ ಅವಳ ಮನೆಯಲ್ಲಿ ಸೇರುತ್ತಿದ್ದರು. ಮೇಬಲ್‌ಬಾಯಿ ಮಾಡಿದ ವೈನಿನ ಮುಂದೆ ಬೇರೆ ಯಾವುದೂ ಇಲ್ಲ ಎಂದು ಕೊಂಡಾಡುತ್ತಿದ್ದರು. ಹಾಗೆನ್ನುವವರಲ್ಲಿ ಹೆಚ್ಚಿನವರು ಬೇರೆ ಯಾವ ವೈನಿನ ಮುಖವನ್ನೂ ಕಂಡವರಲ್ಲ. ಆದರೂ ಮೇಬಲ್ ಆ ಹೊಗಳಿಕೆಯ ಮೇಲೆಯೇ ವರ್ಷವಿಡೀ ಬದುಕುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಅವಳ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ, ‘ಸಿಸ್ಟರ್, ರಿಪೋರ್ಟ್ ಆಯ್ತಾ’ ಅಷ್ಟೇ.

ಹೊಗಳದವಳು ಒಬ್ಬಳೇ, ಕುವೈತಿನ ಇನ್ನೊಂದು ಬಡಾವಣೆ ಬ್ನೇದ್ ಅಲ್ ಗಾರ್‌ನ ಬ್ರೆಂಡಾ. ಒಂದು ಗುಟುಕು ಕುಡಿದು, ಕಣ್ಣು ಕಿರಿದು ಮಾಡಿ, ‘ಹ್ಞೂಂ’ ಎನ್ನುವಳು. ಆ ‘ಹ್ಞೂಂ’ ಕೇಳಿದಾಗೆಲ್ಲ ಮೇಬಲ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯ ಮೂವತ್ತನೇ ವರ್ಷಕ್ಕೆ ಮಗಳು ನತಾಶಾ ಇಬ್ಬರಿಗೂ ಸ್ಪೇನಿಗೆ ಟಿಕೆಟ್ ಮಾಡಿಸಿದಳು. ಬೆಟ್ಟದ ತುದಿಯ ರೋಂಡಾ ಎಂಬ ಹಳೆಯ ಊರು. ‘ವ್ಯೂ ಸೂಪರ್, ಫುಡ್ ಸೂಪರ್, ವೈನ್ ಟೇಸ್ಟಿಂಗ್ ಕೂಡ ಬುಕ್ ಮಾಡಿದ್ದೇನೆ ಮಮ್ಮಾ’ ಎಂದಳು. ಸುದ್ದಿ ತಿಳಿದ ಬ್ರೆಂಡಾ, ‘ನಮಗೂ ಅದೇ ವಾರ ರಜೆ ಉಂಟು’ ಎಂದು ಗಂಡ ರೋಕ್‌ನನ್ನು ಎಳೆದುಕೊಂಡು ಹೊರಟೇಬಿಟ್ಟಳು. ಬೇಡವೆನ್ನಲು ಮೇಬಲ್‌ಗೆ ನೆಪ ಸಿಗಲಿಲ್ಲ.

ರೋಂಡಾದಲ್ಲಿ ಮನೆಗಳು ಪ್ರಪಾತದ ಅಂಚಿನಲ್ಲೇ ಕೂತಿದ್ದವು. ನಡುವಿನ ಕಲ್ಲಿನ ಸೇತುವೆಯಿಂದ ಬಗ್ಗಿ ನೋಡಿದರೆ ಹಕ್ಕಿಗಳ ಬೆನ್ನು ಕಾಣುತ್ತಿತ್ತು. ಮೇಬಲ್ ಬೆರಗಾಗಿ ನಿಂತಳು. ಬರ್ನಾರ್ಡ್ ಐದು ಸೆಕೆಂಡು ನೋಡಿ, ‘ಆಯ್ತಲ್ಲ, ಇನ್ನು ಊಟ’ ಎಂದ. ಹಂದಿಮಾಂಸ ಸಿಗದ ದೇಶದಲ್ಲಿ ಮೂರು ದಶಕ ಕಳೆದ ಮನುಷ್ಯ ಅಲ್ಲಿ ಮೂರು ಹೊತ್ತೂ ಅದನ್ನೇ ತಿಂದ.

ಸೇತುವೆ ಪಕ್ಕದ ಹೋಟೆಲಿನಲ್ಲಿ ಮಾಣಿ ವೈನ್ ಬಾಟಲಿ ತಂದಿಟ್ಟದ್ದೇ ತಡ, ಬರ್ನಾರ್ಡ್ ಅದನ್ನು ತಟಕ್ಕನೆ ಮೇಜಿನ ಕೆಳಗೆ ಇಳಿಸಿ ಕಾಲುಗಳ ನಡುವೆ ಹಿಡಿದ. ರೋಕ್ ಬೀದಿಯ ಕಡೆ ಕುರ್ಚಿ ತಿರುಗಿಸಿ ಕಾವಲು ಕೂತ. ಬ್ರೆಂಡಾ ಗ್ಲಾಸುಗಳಿಗೆ ನ್ಯಾಪ್ಕಿನ್ ಮುಚ್ಚಿದಳು. ಯಾರೂ ಯಾರಿಗೂ ಹೇಳಿದ್ದಿಲ್ಲ. ಇದು ಯಾವುದೋ ಧರ್ಮದ ಆಚರಣೆ ಇರಬೇಕೆಂದು ಮಾಣಿ ಗೌರವದಿಂದ ದೂರ ಸರಿದು ನಿಂತ.

ಮರುದಿನ ವೈನ್ ಟೇಸ್ಟಿಂಗ್. ನೆಲಮಾಳಿಗೆಯಲ್ಲಿ ಒಬ್ಬ ಮುದುಕ ಎಲ್ಲರಿಗೂ ಸುರಿದುಕೊಟ್ಟ. ಬರ್ನಾರ್ಡ್ ಎದೆಯುಬ್ಬಿಸಿ, ತನ್ನ ಹೆಂಡತಿಯೂ ಕುವೈತಿನಲ್ಲಿ ದೊಡ್ಡ ವೈನ್ ಮೇಕರ್ ಎಂದು ಹರುಕು ಇಂಗ್ಲಿಷಿನಲ್ಲಿ ಸಾರಿದ. ಮುದುಕ ಬಹಳ ಮರ್ಯಾದೆಯಿಂದ ಕೇಳಿದ, ಯಾವ ದ್ರಾಕ್ಷಿ? ಮೇಬಲ್, ಕಪ್ಪು ಎಂದಳು. ಎಷ್ಟು ಕಾಲ ಇಡುತ್ತೀರಿ? ಒಂದು ತಿಂಗಳು. ಎಲ್ಲಿ? ಅವಳು ಗ್ಲಾಸನ್ನು ಬಾಯಿಗಿಟ್ಟಳು.

ಆ ಒಂದು ಗುಟುಕಿನಲ್ಲಿ ಎಲ್ಲ ತಿಳಿದುಹೋಯಿತು. ವೈನು ಎಂದರೆ ಇದು. ತಾನು ಇಷ್ಟು ವರ್ಷ ಮಾಡಿದ್ದು ಹುಳಿ ಬಂದ ಪಾನಕ. ಅವಳಿಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

‘ನಿಂದೇ ಒಳ್ಳೆದು ಮಾರಾಯ್ತಿ’ ಎಂದ ಬರ್ನಾರ್ಡ್, ‘ಇವನದ್ದಕ್ಕೆ ಸಕ್ಕರೆಯೇ ಇಲ್ಲ!’

ಬ್ರೆಂಡಾ ಪಕ್ಕನೆ ನಕ್ಕಳು. ಮೇಬಲ್ ಆ ನಗುವನ್ನು ಲಗೇಜಿನ ಜೊತೆ ಕುವೈತಿನವರೆಗೂ ಹೊತ್ತು ತಂದಳು.

ನವೆಂಬರಿನಲ್ಲಿ, ಈ ಸಲ ದ್ರಾಕ್ಷಿ ನಾನೇ ತಂದಿದ್ದೇನೆ ಎಂದು ಗಂಡನಿಗೆ ಸುಳ್ಳು ಹೇಳಿದಳು. ಕ್ರಿಸ್‌ಮಸ್ಸಿನ ಹಿಂದಿನ ದಿನ ಅಂಗಡಿಯಿಂದ ಹನ್ನೆರಡು ಬಾಟಲಿ ದ್ರಾಕ್ಷಿ ಜ್ಯೂಸ್ ತಂದು, ಲವಂಗ, ಚಕ್ಕೆ ಹಾಕಿ ಕುದಿಸಿ ಆರಿಸಿಟ್ಟಳು. ಯಾರಾದರೂ ಕೇಳಿದರೆ ನಿಜ ಹೇಳಿ, ವೈನಿನ ಸಹವಾಸವನ್ನೇ ಬಿಟ್ಟುಬಿಡುವುದು ಎಂದು ನಿಶ್ಚಯಿಸಿದ್ದಳು.

ಯಾರೂ ಕೇಳಲಿಲ್ಲ. ‘ಈ ವರ್ಷದ್ದು ಟಾಪ್ ಮಾರ್ರೆ, ಕಿಕ್ ಉಂಟು’ ಎಂದ ಬರ್ನಾರ್ಡನ ಆಫೀಸಿನ ಆಲ್‌ಸ್ಟನ್. ಬರ್ನಾರ್ಡ್ ಮೂರು ಗ್ಲಾಸು ಜ್ಯೂಸ್ ಕುಡಿದು ನಾಲಗೆ ತೊದಲಿಸುತ್ತ, ಸೋಫಾ ಹತ್ತಿ ಹಾಡತೊಡಗಿದ. ಸ್ಪೇನಿನ ಪ್ರಭಾವ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಬಲ್‌ಗೆ ಸಿಟ್ಟು ನೆತ್ತಿಗೇರಿತು. ಇವರು ಯಾವ ವರ್ಷವಾದರೂ ತನ್ನ ವೈನನ್ನು ನಾಲಗೆಯ ಮೇಲಿಟ್ಟು ನೋಡಿದ್ದರೇ? ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟು, ಅದರ ಮುಂದೆ ನಿಂತು ಸದ್ದಿಲ್ಲದೆ ಅತ್ತಳು.

ಬ್ರೆಂಡಾ ತುಂಬಿದ ಗ್ಲಾಸು ಹಿಡಿದು ಹಿಂದೆಯೇ ಬಂದಳು.

‘ಎಂತ ಇದು? ಬರೀ ಜ್ಯೂಸ್ ಅಲ್ವಾ?’

ಮೇಬಲ್ ಮೂಗು ಒರೆಸಿಕೊಂಡಳು. ‘ಹೌದು. ಈಗ ಖುಷಿಯಾ ನಿಂಗೆ? ಅಲ್ಲಿ ನಕ್ಕದ್ದು ಸಾಕಾಗ್ಲಿಲ್ವಾ?’

‘ನಾನು ನಕ್ಕದ್ದು ನಿನ್ನ ಗಂಡನ ದಡ್ಡತನಕ್ಕೆ’ ಎಂದಳು ಬ್ರೆಂಡಾ. ‘ನಿನ್ನ ವೈನ್ ಒಳ್ಳೆದೂಂತ ನಾನು ಯಾವತ್ತು ಹೇಳಿದ್ದೇನೆ? ಎರಡು ಸಾವಿರದ ಹನ್ನೊಂದರದ್ದು ಸೀದಾ ವಿನೆಗರ್. ಹತ್ತೊಂಬತ್ತರದ್ದಕ್ಕೆ ಲವಂಗ ಹಾಕಿ ಹಾಕಿ ಹಲ್ಲುನೋವಿನ ಮದ್ದು ಮಾಡಿಟ್ಟಿದ್ದಿ. ಕೊರೋನಾ ವರ್ಷದ್ದು ಗಡಿಬಿಡಿಯಲ್ಲಿ ಹಸಿಯೇ ಉಳಿದಿತ್ತು. ಹದಿನಾಲ್ಕರದ್ದು ಮಾತ್ರ ಒಳ್ಳೆದಿತ್ತು.’

ಹೊರಗೆ ಬರ್ನಾರ್ಡನ ಹಾಡು ಇನ್ನೂ ಮುಗಿದಿರಲಿಲ್ಲ. ಮೇಬಲ್ ಸಿಂಕಿನ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು.

‘ಹದಿನಾಲ್ಕರದ್ದು ನಿಜವಾಗಿ ಒಳ್ಳೆದಿತ್ತಾ?’

‘ಎರಡನೇ ಗ್ಲಾಸ್ ಕೇಳಿದ್ದೆ. ನೀನು ಕೊಡ್ಲಿಲ್ಲ’ ಎಂದಳು ಬ್ರೆಂಡಾ.