ಡೋನಲ್ ಕೋಚ್ ಸೋತ ಪಂದ್ಯ

ನಿನ್ನೆ ಬಹ್ರೇನಿನ ಅದ್ಲಿಯಾದಲ್ಲಿ, ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರೋ ನೋವಿನ ಮುಲಾಮು ಹಚ್ಚಿಕೊಂಡು ನಿಂತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸದಾ ಅದೇ ಮುಲಾಮು ಹಚ್ಚಿಕೊಂಡು ಮೈದಾನಕ್ಕೆ ಬರುತ್ತಿದ್ದ ಡೋನಲ್ ಕೋಚ್ ನೆನಪಾದರು. ಮನೆಗೆ ಹೋಗಬೇಕಾದವಳು ಇಳಿಯುವುದನ್ನೇ ಮರೆತು ಮತ್ತೆ ಕೆಳಗೆ ಬಂದಿದ್ದೆ.

ಅವರು ಐರ್ಲೆಂಡಿನವರು, ಇಲ್ಲಿನ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು. ಸಂಜೆ ನಮ್ಮಂಥ ನರ್ಸುಗಳು, ಟೀಚರುಗಳನ್ನು ಸೇರಿಸಿ ತಮ್ಮೂರಿನ ಗೇಲಿಕ್ ಫುಟ್‌ಬಾಲ್ ಕಲಿಸುತ್ತಿದ್ದರು. ನಿಮಗೆ ಹೇಗೆ ಹೇಳಲಿ, ಅದರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದು. ಒದ್ದು ಗೋಲಿನ ಅಡ್ಡಪಟ್ಟಿಯ ಮೇಲಿನಿಂದ ಹಾರಿಸಿದರೂ ಪಾಯಿಂಟು. ಕುಂದಾಪುರದ ಶಾಲೆಯಲ್ಲಿ ಥ್ರೋಬಾಲ್ ಆಡಿದ ಧೈರ್ಯದಲ್ಲಿ ನಾನೂ ಸೇರಿದೆ. ಹಿಡಿಯುವುದು ಬಂತು. ಒದೆಯುವಾಗ ಮಾತ್ರ ಚೆಂಡಿಗಿಂತ ಹೆಚ್ಚು ಗಾಳಿಯನ್ನೇ ಒದೆಯುತ್ತಿದ್ದೆ.

ಹರೆಯದಲ್ಲಿ ಅವರು ತಮ್ಮ ಜಿಲ್ಲೆಗೆ ಆಡಿದವರು. ಒಂದು ಫೈನಲಿನಲ್ಲಿ ಕೊನೆಯ ಒದೆತ ಅವರ ಪಾಲಿಗೆ ಬಂತು. ಚೆಂಡು ಕಂಬದ ಹೊರಗೆ ಹೋಯಿತು. ಊರಿನವರು ಬೈಯಲಿಲ್ಲ. ಇವರು ಅಂಗಡಿಗೆ ಹೊಕ್ಕರೆ ಅಲ್ಲಿನ ಮಾತು ನಿಲ್ಲುತ್ತಿತ್ತು, ಅಷ್ಟೆ. "ತಪ್ಪಿದವರ ಹತ್ತಿರ ಹೇಗೆ ಮಾತಾಡಬೇಕೂಂತ ತಪ್ಪಿದವನಿಗೇ ಗೊತ್ತಿರೋದು. ಅದಕ್ಕೇ ಕೋಚ್ ಆದೆ," ಎನ್ನುತ್ತಿದ್ದರು. ನಿಜ. ನನ್ನಿಂದಾಗಿ ತಂಡ ಸೋತ ದಿನ ಅವರು ಕೇಳಿದ್ದು ಒಂದೇ ಮಾತು: "ಚಹಾ ಕುಡಿಯೋಣವಾ?"

ಬರಬರುತ್ತ ಒಂದೇ ಪಾಠವನ್ನು ಎರಡೆರಡು ಸಲ ಹೇಳತೊಡಗಿದರು. "ಇದನ್ನು ಆಗಲೇ ಹೇಳಿದ್ದಲ್ವಾ ಮಾರಾಯ್ತಿ?" ಎಂದು ಗೆಳತಿ ಪ್ರಮೀಳಾ ಪಿಸುಗುಟ್ಟಿದರೆ ನಾವು ನಗುತ್ತಿದ್ದೆವು. ಒಂದು ಸಂಜೆ ಮೈದಾನದ ನಡುವೆ ನಿಂತು, ನಮ್ಮನ್ನು ತಮ್ಮೂರಿನ ಯಾರ್ಯಾರದೋ ಹೆಸರು ಹಿಡಿದು ಕರೆದು, "ನನಗೆ ಕೊಡಬೇಡಿ! ಆ ಚೆಂಡು ನನಗೆ ಕೊಡಬೇಡಿ!" ಎಂದು ಕೂಗಿದರು. ಯಾರೂ ನಗಲಿಲ್ಲ. ಮರೆವಿನ ಕಾಯಿಲೆ ಎಂದರು ಡಾಕ್ಟರು. ಅವರ ಅಕ್ಕ ಬಂದು ಊರಿಗೆ ಕರೆದೊಯ್ದರು. ತಂಡವೂ ಚದುರಿತು.

ಬಹ್ರೇನ್, ನಾವು, ಗೆದ್ದ ಕಪ್ಪುಗಳು, ಎಲ್ಲವನ್ನೂ ಅಳಿಸಿದ ಕಾಯಿಲೆ ಆ ಒದೆತವೊಂದನ್ನು ಮಾತ್ರ ಮುಟ್ಟಲಿಲ್ಲ. ಅವರಿಗೆ ದಿನವೂ ಅದು ಈಗ ತಾನೇ ಆಗಿರುತ್ತದೆ. ಹಿಂದೊಮ್ಮೆ ವಿಡಿಯೊ ಕರೆಯಲ್ಲಿ, "ಪಾಯಿಂಟು ಬಂತು ಕೋಚ್, ನೀವೇ ಗೆದ್ದದ್ದು," ಎಂದು ಸಮಾಧಾನ ಹೇಳಿದ್ದೆ. "ನೀನೂ ಅಣಕಿಸ್ತೀಯಾ?" ಎಂದು ಮುಖ ತಿರುಗಿಸಿಕೊಂಡರು. ಆಮೇಲೆ ಕರೆ ಮಾಡುವ ಧೈರ್ಯವಾಗಿರಲಿಲ್ಲ.

ನಿನ್ನೆ ಮಾಡಿದೆ. ಅಕ್ಕ ಫೋನನ್ನು ಅವರ ಮುಂದೆ ಹಿಡಿದರು.

"ತಪ್ಪಿಹೋಯಿತು," ಎಂದರು ಕೋಚ್.

"ಹೌದು ಕೋಚ್, ತಪ್ಪಿಹೋಯಿತು."

ಅವರು ಫೋನಿನ ಹತ್ತಿರ ಬಾಗಿದರು. "ನೀನು ಅಲ್ಲಿದ್ದೆಯಾ?"

"ಇದ್ದೆ."

ಅವರು ಸೋಫಾದಲ್ಲಿ ಒಂದಿಷ್ಟು ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿ ಕಾದರು. ಅಲ್ಲಿಗೆ ಹೋಗಿ ಕೂರುವುದು ಹೇಗೆ, ನೀವೇ ಹೇಳಿ.